ವಂತಿಗೆಯ ಹಣ, ಕಾರಣದ ಋಣ

ಮೊಬೈಲಿನಲ್ಲಿ ‘ರಾಷ್ಟ್ರ’ ಎಂಬ ಶಬ್ದವನ್ನು ಓದುವಾಗ ಷಕಾರದ ಕೆಳಗೆ ಟಕಾರದ ಒತ್ತೂ, ಅದರ ಬದಿಗೆ ರಕಾರದ ಒತ್ತೂ ತಂತಮ್ಮ ಸ್ಥಾನದಲ್ಲಿ ಬಂದು ನಿಂತಿರುವುದನ್ನು ನಾವು ಸಹಜವೆಂದೇ ಭಾವಿಸುತ್ತೇವೆ. ಗಣಕಕ್ಕೆ ಅದು ಸಹಜವಾದದ್ದಲ್ಲ. ಬಿಡಿಬಿಡಿಯಾಗಿ ಬಂದ ಅಕ್ಷರಸಂಕೇತಗಳನ್ನು ಲಿಪಿಯ ನಿಯಮಕ್ಕನುಸಾರವಾಗಿ ಕೂಡಿಸಿ, ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ನಿರ್ಣಯಿಸಿ ಪರದೆಗೆ ಒಪ್ಪಿಸತಕ್ಕ ಕಾರ್ಯವನ್ನು ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ, ಫೈರ್‌ಫಾಕ್ಸ್ ಬ್ರೌಸರಿನಲ್ಲಿಯೂ, ಲಿಬ್ರೆಆಫೀಸಿನಲ್ಲಿಯೂ ಹಾರ್ಫ್‌ಬಝ್ ಎಂಬ ತಂತ್ರಾಂಶವೊಂದು ನಡೆಸುತ್ತದೆ. ಅದನ್ನು ಯಾರೂ ಕೊಳ್ಳಬೇಕಾಗಿಲ್ಲ. ಅದರ ಮೂಲಸಂಕೇತ, ಅರ್ಥಾತ್ ಸೋರ್ಸ್ ಕೋಡ್, ಲೋಕಕ್ಕೆಲ್ಲ ತೆರೆದಿದೆ. ಬೇಕಾದವರು ಓದಬಹುದು, ತಿದ್ದಬಹುದು, ತಮ್ಮ ಯಂತ್ರದಲ್ಲಿ ಅಳವಡಿಸಿಕೊಳ್ಳಬಹುದು. ಓಪನ್ ಸೋರ್ಸ್ ಎಂದು ಲೋಕರೂಢಿಯಲ್ಲಿ ಕರೆಯುವ ಮುಕ್ತ ತಂತ್ರಾಂಶದ ಲಕ್ಷಣ ಇದೇ.

ಲೋಕವೆಲ್ಲ ಬಳಸುವ ಈ ಬಗೆಯ ವಸ್ತುವನ್ನು ಕಾಯ್ದುಕೊಂಡು ಬರುವವರ ಸಂಖ್ಯೆ ಎಷ್ಟೋ ವೇಳೆ ಬೆರಳೆಣಿಕೆಯಷ್ಟಿರುತ್ತದೆ. ಬ್ಯಾಂಕಿನ ಗುಪ್ತಪದದಿಂದ ಹಿಡಿದು ಖಾಸಗಿ ಪತ್ರದವರೆಗೆ ಅಂತರ್ಜಾಲದಲ್ಲಿ ಸಂಚರಿಸುವ ನಾನಾ ರಹಸ್ಯಗಳನ್ನು ಕಾಪಾಡತಕ್ಕ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ, 2014ರ ಏಪ್ರಿಲಿನಲ್ಲಿ, ಹಾರ್ಟ್‌ಬ್ಲೀಡ್ ಎಂಬ ಘೋರವಾದ ದೋಷವೊಂದು ಬಯಲಾಯಿತು. ಅದನ್ನು ಬಳಸುತ್ತಿದ್ದ ಸಂಸ್ಥೆಗಳ ಸಂಪತ್ತು ಕೋಟ್ಯನುಕೋಟಿಯಾಗಿದ್ದರೂ, ಆ ಯೋಜನೆಗೆ ವರ್ಷವೊಂದಕ್ಕೆ ದಾನರೂಪದಲ್ಲಿ ಬರುತ್ತಿದ್ದದ್ದು ಸುಮಾರು 2,000 ಡಾಲರ್ ಮಾತ್ರವೆಂದೂ, ಪೂರ್ಣಕಾಲ ಅದಕ್ಕೆಂದೇ ದುಡಿಯುತ್ತಿದ್ದವರು ಒಬ್ಬರೇ ಎಂದೂ ಆಗ ತಿಳಿದುಬಂದು ಜನ ದಿಗ್ಭ್ರಾಂತರಾದರು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳಿಂದ ಹಣ ಕೂಡಿಸಿ, ಇಂತಹ ಮೂಲಾಧಾರದ ಯೋಜನೆಗಳಿಗೆ ನೆರವಾಗತಕ್ಕ ನಿಧಿಯೊಂದನ್ನು ಸ್ಥಾಪಿಸಿತು.

ಕಂಪನಿಗಳು ಕೊಡುವ ಹಣದ ವಿಚಾರ ಬೇರೆ. ಅಲ್ಲಿ ಕೊಟ್ಟವರು ಬಲಿಷ್ಠರು, ಲೆಕ್ಕ ಕೇಳುವುದಕ್ಕೆ ವಕೀಲರನ್ನೂ ಲೆಕ್ಕಿಗರನ್ನೂ ಇಟ್ಟುಕೊಂಡವರು. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಬಳಕೆದಾರರ ಸಮುದಾಯವೇ ಹತ್ತು ಡಾಲರ್, ಇಪ್ಪತ್ತು ಯೂರೋ, ಐನೂರು ರೂಪಾಯಿ ಎಂಬಂತೆ ವಂತಿಗೆ ಹಾಕಿ ಕೂಡಿಸಿದ ಹಣ. ಅದರ ಶಕ್ತಿ ಎಷ್ಟೆಂಬುದಕ್ಕೆ 2002ರ ನಿದರ್ಶನವೊಂದು ಸಾಕು. ಮೂರು ಆಯಾಮದ ಚಿತ್ರಗಳನ್ನು ರಚಿಸುವ ಬ್ಲೆಂಡರ್ ಎಂಬ ತಂತ್ರಾಂಶದ ಒಡೆತನ ಹೊಂದಿದ್ದ ನೆದರ್‌ಲೆಂಡ್ಸಿನ ಕಂಪನಿ ಮುಚ್ಚಿಹೋದಾಗ, ಅದರ ಕರ್ತೃವಾದ ಟೋನ್ ರೂಸೆಂಡಾಲ್ ಅವರು, ಹೂಡಿಕೆದಾರರ ಕೈಯಿಂದ ಆ ತಂತ್ರಾಂಶವನ್ನು ಬಿಡಿಸಿಕೊಂಡು ಮುಕ್ತಗೊಳಿಸಲು 1,00,000 ಯೂರೋ ಬೇಕೆಂದು ಬಳಕೆದಾರರಲ್ಲಿ ಬಿನ್ನವಿಸಿಕೊಂಡರು. ಏಳು ವಾರಗಳಲ್ಲಿ ಅಷ್ಟು ಹಣವೂ ಕೂಡಿತು, ಅಕ್ಟೋಬರ್ 13ರಂದು ಮೂಲಸಂಕೇತ ಬಹಿರಂಗವಾಯಿತು. ಆ ವಂತಿಗೆಯಲ್ಲಿ ಉತ್ತರದಾಯಿತ್ವದ ಪ್ರಶ್ನೆ ಕಠಿಣವಾಗಿರಲಿಲ್ಲ. ಉದ್ದೇಶ ಒಂದೇ, ಮೊತ್ತ ನಿಶ್ಚಿತ, ಫಲ ಎಲ್ಲರ ಕಣ್ಣಿಗೂ ಕಾಣುವಂಥದು.

ಕಷ್ಟ ಪ್ರಾರಂಭವಾಗುವುದು ನಿಧಿ ಸ್ಥಾಯಿಯಾಗಿ ನಿಂತ ಮೇಲೆ. ಆಗ ವರ್ಷವರ್ಷವೂ ಹಣ ಬರುತ್ತದೆ, ಅದಕ್ಕಿಂತ ವೇಗವಾಗಿ ಅರ್ಜಿಗಳು ಬರುತ್ತವೆ. ದೋಷ ತಿದ್ದುವೆನೆಂದು ಒಬ್ಬ, ಕೈಪಿಡಿ ಬರೆಯುವೆನೆಂದು ಇನ್ನೊಬ್ಬ, ವಿದ್ಯಾರ್ಥಿಗಳಿಗೆ ಕಾರ್ಯಾಗಾರ ನಡೆಸುವೆವೆಂದು ಮತ್ತೊಂದು ಊರಿನ ತಂಡ. ಕೊಟ್ಟವರು ಸಾವಿರಾರು ಮಂದಿ. ಹಂಚತಕ್ಕವರು ಐದೋ ಒಂಬತ್ತೋ ಮಂದಿಯ ಒಂದು ಸಮಿತಿ, ಅವರೂ ಬಹುಮಟ್ಟಿಗೆ ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಬರುವ ಸ್ವಯಂಸೇವಕರು. ಹತ್ತು ಡಾಲರ್ ಕೊಟ್ಟವನು ಲೆಕ್ಕ ಕೇಳಲು ಸಮುದ್ರ ದಾಟಿ ಬರುವವನಲ್ಲ, ನ್ಯಾಯಾಲಯಕ್ಕಂತೂ ಹೋಗಲಾರನು. ಅವನು ಕೊಟ್ಟದ್ದು ನಂಬಿಕೆಯ ಮೇಲೆ. ಆದುದರಿಂದಲೇ, ಕಂಪನಿಗಳ ನಿಧಿಗಿಂತ ಸಮುದಾಯದ ನಿಧಿಗೆ ಕರ್ತವ್ಯದ ಭಾರ ಹೆಚ್ಚೆಂದು ನಾನು ತಿಳಿದಿದ್ದೇನೆ. ಈ ಕರ್ತವ್ಯದಲ್ಲಿ ಮೊತ್ತಗಳನ್ನು ಪ್ರಕಟಿಸುವುದು ಅರ್ಧಭಾಗ. ಯಾವ ಕಾರಣದಿಂದ ಒಬ್ಬನಿಗೆ ಕೊಟ್ಟೆವು, ಯಾವ ಕಾರಣದಿಂದ ಇನ್ನೊಬ್ಬನಿಗೆ ಇಲ್ಲವೆಂದೆವು, ಕೊಟ್ಟದ್ದರಿಂದ ಏನಾಯಿತು ಎಂಬುದನ್ನು ಕೇಳಿದವರಿಗೆ ತಿಳಿಯಹೇಳುವುದು ಉಳಿದ ಅರ್ಧಭಾಗ. ಮೊದಲನೆಯದು ಈಗ ಬಹುಮಟ್ಟಿಗೆ ಸಾಧಿತವಾಗಿದೆ. ಎರಡನೆಯದು ಇನ್ನೂ ದುರ್ಲಭವಾಗಿಯೇ ಉಳಿದಿದೆ.

ನಮ್ಮ ನಾಡಿನ ದತ್ತಿಶಾಸನಗಳನ್ನು ನೋಡಿದವರಿಗೆ ಈ ಭೇದ ಬೇಗ ಮನದಟ್ಟಾದೀತು. ಕೊಟ್ಟವರ ಹೆಸರು, ಪಡೆದವರ ಹೆಸರು, ಶಕವರ್ಷ, ತಿಥಿ, ಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ, ದಾನದ ಉದ್ದೇಶ, ಸಾಕ್ಷಿಗಳು, ಕೊನೆಗೆ ಅದನ್ನು ಅಳಿದವನಿಗೆ ತಟ್ಟುವ ಶಾಪ, ಇವೆಲ್ಲವನ್ನೂ ಹಾದುಹೋಗುವ ಯಾರಾದರೂ ಓದುವಂತೆ ಕಲ್ಲಿನಲ್ಲಿ ಕೊರೆದು ನಿಲ್ಲಿಸಿದರು. ಬಹಿರಂಗತೆಯಲ್ಲಿ ಅದಕ್ಕಿಂತ ದೃಢವಾದದ್ದನ್ನು ಕಲ್ಪಿಸುವುದು ಕಷ್ಟ. ಆದರೆ ಆ ಭೂಮಿಯ ಹುಟ್ಟುವಳಿಯಿಂದ ಮುಂದಿನ ನೂರು ವರ್ಷಗಳಲ್ಲಿ ಕೆರೆಯ ಹೂಳು ತೆಗೆದರೋ ಇಲ್ಲವೋ, ಛತ್ರದಲ್ಲಿ ಅನ್ನ ನಡೆಯಿತೋ ಇಲ್ಲವೋ ಎಂಬುದನ್ನು ಅದೇ ಕಲ್ಲು ಸಾಮಾನ್ಯವಾಗಿ ಹೇಳುವುದಿಲ್ಲ. ಇಂದಿನ ಅನುದಾನ ನಿಧಿಗಳಲ್ಲಿ ಅನೇಕವು ಈ ಮಟ್ಟದಲ್ಲಿಯೇ ನಿಂತಿವೆ: ದಾನದ ಪ್ರಕಟಣೆ ಉಚ್ಚಸ್ವರದಲ್ಲಿ ನಡೆಯುತ್ತದೆ, ಆಮೇಲಿನ ವೃತ್ತಾಂತ ಕೇಳಿಬರುವುದಿಲ್ಲ.

ಜಮಾಖರ್ಚನ್ನು ತೆರೆದಿಡುವ ವಿಷಯದಲ್ಲಿ ಓಪನ್ ಕಲೆಕ್ಟಿವ್ ಎಂಬ ವ್ಯವಸ್ಥೆ ಸಾಧಿಸಿರುವುದು ಶ್ಲಾಘನೀಯವಾದದ್ದು. 2015ರ ಸುಮಾರಿಗೆ ಆರಂಭವಾದ ಇದರಲ್ಲಿ ಒಂದು ಯೋಜನೆಗೆ ಬಂದ ಪ್ರತಿಯೊಂದು ವಂತಿಗೆಯೂ, ಹೋದ ಪ್ರತಿಯೊಂದು ವೆಚ್ಚವೂ, ಉಳಿದ ಶಿಲ್ಕೂ ಸರ್ವರಿಗೂ ಕಾಣುತ್ತವೆ. ದುಡಿದವನು ಬಿಲ್ಲು ಸಲ್ಲಿಸುತ್ತಾನೆ. ಯೋಜನೆಯ ಹೊಣೆಹೊತ್ತವರು ಒಪ್ಪುತ್ತಾರೆ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಎಂಬುದು ದಾಖಲೆಯಲ್ಲಿ ನಿಲ್ಲುತ್ತದೆ. ರಸೀದಿಯಲ್ಲಿರುವ ಮನೆಯ ವಿಳಾಸ ಮೊದಲಾದ ಖಾಸಗಿ ವಿವರ ಮಾತ್ರ ಮರೆಯಲ್ಲಿರುತ್ತದೆ, ಅದು ಉಚಿತವೇ. ಸ್ವಂತವಾಗಿ ಸಂಸ್ಥೆಯೊಂದನ್ನು ನೋಂದಾಯಿಸಿಕೊಳ್ಳಲಾರದ ಸಣ್ಣ ತಂಡಗಳ ಪರವಾಗಿ ಹಣವನ್ನು ಇಟ್ಟುಕೊಂಡು ಕಾನೂನಿನ ಹೊಣೆ ಹೊರುವ ಆತಿಥೇಯ ಸಂಸ್ಥೆಗಳೂ ಇದರಲ್ಲಿ ಉಂಟು. ಆದರೆ ಇಂತಹ ಆತಿಥೇಯ ಸಂಸ್ಥೆಗಳಲ್ಲಿ ಒಂದಾದ ಓಪನ್ ಕಲೆಕ್ಟಿವ್ ಫೌಂಡೇಶನ್ 2024ರ ಫೆಬ್ರುವರಿಯಲ್ಲಿ, ಆ ವರ್ಷದ ಕೊನೆಗೆ ತಾನು ವಿಸರ್ಜನೆಯಾಗುವುದಾಗಿ ಘೋಷಿಸಿದಾಗ, ಅದರ ಆಶ್ರಯದಲ್ಲಿದ್ದ ನೂರಾರು ಗುಂಪುಗಳು ಬೇರೆ ಆಶ್ರಯ ಹುಡುಕಿಕೊಳ್ಳಬೇಕಾಯಿತು. ಪ್ರತಿಯೊಂದು ಗುಂಪಿನ ಪೈಸೆಪೈಸೆಯ ಲೆಕ್ಕವೂ ತೆರೆದಿತ್ತು; ಆಶ್ರಯದಾತ ಸಂಸ್ಥೆಯ ಸ್ವಂತ ಸ್ಥಿತಿಗತಿಯ ನಿರ್ಣಯ ಮಾತ್ರ ಆ ಗುಂಪುಗಳಿಗೆ ಆಕಸ್ಮಿಕವಾಗಿ ಬಂದೆರಗಿತು.

ಲೆಕ್ಕ ತೆರೆದಿದ್ದರೂ ಹೊಣೆ ಮರೆಯಲ್ಲಿ ಉಳಿಯಬಹುದೆಂಬುದನ್ನು ಇದಕ್ಕಿಂತಲೂ ಸ್ಫುಟವಾಗಿ ತೋರಿಸಿಕೊಟ್ಟದ್ದು ಗಿಟ್‌ಕಾಯಿನ್ ಎಂಬ ನಿಧಿ. ವಿಟಾಲಿಕ್ ಬ್ಯುಟೆರಿನ್, ಜೋಯಿ ಹಿಟ್ಜಿಗ್, ಗ್ಲೆನ್ ವೈಲ್ ಎಂಬ ಮೂವರು 2018ರಲ್ಲಿ ಪ್ರತಿಪಾದಿಸಿದ ಗಣಿತಸೂತ್ರವೊಂದನ್ನು ಅದು 2019ರಿಂದ ಆಚರಣೆಗೆ ತಂದಿತು. ಸೂತ್ರದ ಆಶಯ ಉದಾತ್ತವಾದದ್ದು: ಹಣದ ಗಾತ್ರಕ್ಕಿಂತ ಕೊಟ್ಟವರ ಸಂಖ್ಯೆಗೆ ಹೆಚ್ಚು ಮನ್ನಣೆ ಸಿಗಬೇಕು. ಅದಕ್ಕಾಗಿ ಪ್ರತಿಯೊಬ್ಬನ ವಂತಿಗೆಯ ವರ್ಗಮೂಲವನ್ನು ತೆಗೆದು, ಅವುಗಳನ್ನೆಲ್ಲ ಕೂಡಿಸಿ, ಬಂದ ಮೊತ್ತವನ್ನು ವರ್ಗಮಾಡುತ್ತಾರೆ. ನೂರು ಜನ ಒಂದೊಂದು ರೂಪಾಯಿ ಕೊಟ್ಟ ಯೋಜನೆಗೆ ವರ್ಗಮೂಲಗಳ ಮೊತ್ತ 100, ಅದರ ವರ್ಗ 10,000. ಒಬ್ಬನೇ ನೂರು ರೂಪಾಯಿ ಕೊಟ್ಟ ಯೋಜನೆಗೆ ವರ್ಗಮೂಲ 10, ಅದರ ವರ್ಗ 100. ಎರಡಕ್ಕೂ ಜನರಿಂದ ಬಂದದ್ದು ನೂರೇ ರೂಪಾಯಿಯಾದರೂ, ಮೊದಲನೆಯದಕ್ಕೆ, ವಂತಿಗೆಗೆ ಪೂರಕವಾಗಿ ಬೇರೆಯೇ ಇಟ್ಟ ಸಾಮಾನ್ಯ ನಿಧಿಯಿಂದ, ಆ 10,000ಕ್ಕೆ ಕಡಿಮೆ ಬಿದ್ದ 9,900 ರೂಪಾಯಿ ಸೇರತಕ್ಕದ್ದು, ಎರಡನೆಯದಕ್ಕೆ ಏನೂ ಇಲ್ಲ. ವಾಸ್ತವದಲ್ಲಿ ಸಾಮಾನ್ಯ ನಿಧಿ ಸೀಮಿತವಾದ್ದರಿಂದ ಈ ಅಂಕಿಗಳನ್ನು ಅದೇ ಪ್ರಮಾಣದಲ್ಲಿ ಇಳಿಸಿ ಹಂಚುತ್ತಾರೆ. ಜನಮತವನ್ನು ಹಣದ ಹಂಚಿಕೆಯೊಳಗೆ ತರುವ ಇಷ್ಟು ಸುಂದರವಾದ ಉಪಾಯವನ್ನು ನಾನು ಬೇರೆ ಕಂಡಿಲ್ಲ.

ಆದರೆ ಸೂತ್ರದ ಸೌಂದರ್ಯವೇ ಅದರ ದೌರ್ಬಲ್ಯವೂ ಆಯಿತು. ನೂರು ರೂಪಾಯಿಯುಳ್ಳ ಒಬ್ಬನು ನೂರು ಸುಳ್ಳು ಹೆಸರುಗಳನ್ನು ಸೃಷ್ಟಿಸಿ ಒಂದೊಂದರಿಂದ ಒಂದೊಂದು ರೂಪಾಯಿ ಕೊಡಿಸಿದರೆ, ಅವನಿಗೂ ಆ 9,900 ದೊರಕುತ್ತದೆ. ಹಣದ ಪ್ರತಿಯೊಂದು ಚಲನೆಯೂ ಬ್ಲಾಕ್‌ಚೈನ್ ಎಂಬ ಅಳಿಸಲಾಗದ ಖಾತೆಯಲ್ಲಿ ಎಲ್ಲರ ಕಣ್ಣೆದುರಿಗೇ ನಡೆಯುತ್ತಿದ್ದರೂ, ಖಾತೆಯ ಹಿಂದೆ ನಿಂತಿರುವ ಮನುಷ್ಯ ಯಾರು, ಒಬ್ಬನೋ ನೂರು ಜನರೋ, ಎಂಬುದು ಅದರಲ್ಲಿ ಕಾಣುವುದಿಲ್ಲ. ಗಿಟ್‌ಕಾಯಿನ್‌ನವರು ಇಂತಹ ಮೋಸವನ್ನು ಪತ್ತೆಹಚ್ಚಲು ಬಹಳ ಶ್ರಮಪಟ್ಟರು. ಒಬ್ಬನು ನಿಜವಾದ ಏಕವ್ಯಕ್ತಿಯೆಂದು ಸ್ಥಾಪಿಸಲು 2022ರಲ್ಲಿ ಗುರುತಿನ ರಹದಾರಿಯೊಂದನ್ನೂ ಏರ್ಪಡಿಸಿದರು. ಆಗ ಪ್ರಶ್ನೆ ಇನ್ನೊಂದು ಮಜಲಿಗೆ ಹೋಯಿತು. ಯಾವ ವಂತಿಗೆ ಕಪಟದ್ದು, ಯಾವುದು ನಿಜವಾದದ್ದು ಎಂದು ತೀರ್ಪು ಕೊಡುವವರು ಯಾರು? ಅವರ ಅಳತೆಗೋಲನ್ನು ಪೂರ್ಣವಾಗಿ ಪ್ರಕಟಿಸಿದರೆ ವಂಚಕನಿಗೆ ದಾರಿ ತೋರಿಸಿಕೊಟ್ಟಂತಾಗುತ್ತದೆ. ಪ್ರಕಟಿಸದಿದ್ದರೆ ಅನ್ಯಾಯವಾಗಿ ತಿರಸ್ಕೃತನಾದವನಿಗೆ ಉತ್ತರ ದೊರೆಯುವುದಿಲ್ಲ. ಮನುಷ್ಯನ ವಿವೇಚನೆಯನ್ನು ಹೊರಗಿಡಬೇಕೆಂದು ಗಣಿತವನ್ನು ತಂದವರು ಕೊನೆಗೆ ಮನುಷ್ಯನ ವಿವೇಚನೆಗೇ ಮರಳಬೇಕಾಯಿತು. ಇದು ಅವರ ಅಪಜಯವೆಂದು ನಾನು ಹೇಳುವುದಿಲ್ಲ; ವಿವೇಚನೆಯನ್ನು ಪರಿಹರಿಸಿಕೊಳ್ಳಲಾಗದು, ಅದನ್ನು ಉತ್ತರ ಹೇಳುವ ಸ್ಥಾನದಲ್ಲಿ ನಿಲ್ಲಿಸಬೇಕು ಎಂಬುದನ್ನು ಈ ಪ್ರಯೋಗದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಿಲ್ಲ.

ವಿವೇಚನೆಯ ಮೇಲೆಯೇ ನಿಂತ ನಿಧಿಗೆ ಉತ್ತಮವಾದ ಉದಾಹರಣೆ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್. 1991ರಲ್ಲಿ ಗೀಡೋ ವಾನ್ ರಾಸಮ್ ಅವರು ಹೊರತಂದ ಪೈಥಾನ್ ಭಾಷೆ ಇಂದು ಶಾಲೆಯ ಮಕ್ಕಳಿಂದ ಖಗೋಳಜ್ಞರವರೆಗೆ ಎಲ್ಲರ ಕೈಯಲ್ಲಿದೆ. ಅದರ ಯೋಗಕ್ಷೇಮಕ್ಕಾಗಿ 2001ರಲ್ಲಿ ಅಮೆರಿಕದಲ್ಲಿ ಈ ಸಂಸ್ಥೆ ಸ್ಥಾಪಿತವಾಯಿತು. ಸದಸ್ಯರ ವಂತಿಗೆ, ದಾನ, ಪ್ರಾಯೋಜಕರ ಹಣ, ತಾನೇ ನಡೆಸುವ ವಾರ್ಷಿಕ ಸಮ್ಮೇಳನದ ಆದಾಯ, ಇವುಗಳಿಂದ ಕೂಡಿದ ನಿಧಿಯ ಒಂದು ಭಾಗವನ್ನು ಅದು ಲೋಕದ ನಾನಾ ದೇಶಗಳ ಸಮ್ಮೇಳನಗಳಿಗೂ ಕಾರ್ಯಾಗಾರಗಳಿಗೂ ಅನುದಾನವಾಗಿ ಹಂಚುತ್ತ ಬಂದಿದೆ. ಭಾರತದ ಪೈಥಾನ್ ಬಳಗವೂ ಈ ಜಾಗತಿಕ ಕುಟುಂಬಕ್ಕೆ ಸೇರಿದ್ದೇ. ಮೊದಲ ಪೈಕಾನ್ ಇಂಡಿಯಾ ಸಮ್ಮೇಳನ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆಯಿತು.

ಪೈಥಾನ್ ಸಂಸ್ಥೆಯ ಲೆಕ್ಕಪತ್ರಗಳಲ್ಲಿ ಮರೆಮಾಚಿದ್ದೆಂಬುದು ಇಲ್ಲ. ಅಮೆರಿಕದ ಕಾನೂನಿನ ಪ್ರಕಾರ ಇಂತಹ ಧರ್ಮಾರ್ಥ ಸಂಸ್ಥೆಗಳು ಪ್ರತಿವರ್ಷ ತೆರಿಗೆಯ ಇಲಾಖೆಗೆ 990ನೆಯ ನಮೂನೆಯಲ್ಲಿ ಸಲ್ಲಿಸತಕ್ಕ ವರದಿ ಸಾರ್ವಜನಿಕವಾದದ್ದು, ಯಾರು ಬೇಕಾದರೂ ತರಿಸಿಕೊಂಡು ಓದಬಹುದು. ವಿದೇಶಗಳಿಗೆ ಹೋದ ಅನುದಾನಗಳು ಮಾತ್ರ ಅಲ್ಲಿ ಪ್ರದೇಶವಾರಾಗಿ ಬರುತ್ತವೆ. ಆ ಕೊರತೆಯನ್ನು ನಿರ್ದೇಶಕ ಮಂಡಲಿಯ ಸಭಾ ನಡವಳಿಗಳು ತುಂಬುತ್ತವೆ. ಇಂತಹ ಸಮ್ಮೇಳನಕ್ಕೆ ಇಷ್ಟು ಡಾಲರ್ ಕೊಡತಕ್ಕದ್ದೆಂದು ಠರಾವು ಆಯಿತು, ಪರವಾಗಿ ಇಷ್ಟು ಮತ, ವಿರೋಧವಾಗಿ ಇಷ್ಟು, ತಟಸ್ಥರು ಇಷ್ಟು ಎಂದು ಅವುಗಳಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದೆ. ಆದರೆ ಆ ಸಾಲುಗಳನ್ನು ಎಷ್ಟು ಓದಿದರೂ ಕಾರಣ ದೊರೆಯುವುದಿಲ್ಲ. ಒಂದು ಊರಿಗೆ ಕೇಳಿದಷ್ಟೂ ಸಿಕ್ಕಿತು, ಇನ್ನೊಂದು ಊರಿಗೆ ಅರ್ಧ ಸಿಕ್ಕಿತು ಎಂದಿದ್ದರೆ, ಆ ಅರ್ಧ ಏಕೆ ಹೋಯಿತೆಂಬುದು ಮತಗಳ ಎಣಿಕೆಯಿಂದ ತಿಳಿಯಲಾರದು.

ಈ ಕೊರತೆ 2023ರಲ್ಲಿ ಬಯಲಾಯಿತು. ಪೈಥಾನಿನಲ್ಲಿ ರಚಿತವಾದ ಜ್ಯಾಂಗೋ ಎಂಬ ತಂತ್ರಾಂಶದ ಆಫ್ರಿಕಾ ಖಂಡದ ಸಮ್ಮೇಳನವನ್ನು ಆ ವರ್ಷದ ನವೆಂಬರಿನಲ್ಲಿ ಟಾಂಜಾನಿಯಾದ ಜಾಂಜಿಬಾರಿನಲ್ಲಿ ನಡೆಸಲು ಅಲ್ಲಿನವರು ಸಂಕಲ್ಪಿಸಿ ಅನುದಾನಕ್ಕೆ ಅರ್ಜಿ ಹಾಕಿದ್ದರು. ಆ ದೇಶದ ಕಾನೂನುಗಳ ದೆಸೆಯಿಂದ ಲೈಂಗಿಕ ಅಲ್ಪಸಂಖ್ಯಾತರಾದ ಪ್ರತಿನಿಧಿಗಳಿಗೆ ಅಲ್ಲಿ ಸುರಕ್ಷಿತತೆ ಇದ್ದೀತೇ ಎಂಬ ಪ್ರಶ್ನೆ ಎದ್ದಿತು, ನಿರ್ಣಯ ವಿಳಂಬವಾಯಿತು. ಪ್ರಶ್ನೆ ಕೇಳಬಾರದಾಗಿತ್ತೆಂದು ಯಾರೂ ಹೇಳಲಾರರು. ಅತಿಥಿಗಳ ಕ್ಷೇಮವನ್ನು ವಿಚಾರಿಸುವುದು ಹಣ ಕೊಡುವವರ ಧರ್ಮವೇ. ಆದರೆ ಅದು ಎಲ್ಲ ದೇಶಗಳಿಗೂ ಒಂದೇ ಅಳತೆಯಿಂದ ಅನ್ವಯಿಸುವ ನಿಯಮವೇ, ಅದಕ್ಕೆ ಯಾವ ಸಮಾಧಾನ ಹೇಳಿದರೆ ಸಾಕಾಗುತ್ತದೆ, ಅರ್ಜಿ ಈಗ ಯಾರ ಮುಂದಿದೆ, ಎಂದು ಇತ್ಯರ್ಥವಾಗುತ್ತದೆ ಎಂಬುದು ಅರ್ಜಿದಾರರಿಗೆ ತಿಳಿಯುವಂತಿರಲಿಲ್ಲ. ಸಭಾಂಗಣಕ್ಕೆ ಮುಂಗಡ ಕಟ್ಟಬೇಕಾದವರಿಗೆ, ದೂರದಿಂದ ಬರುವವರ ಪ್ರಯಾಣಕ್ಕೆ ಏರ್ಪಾಡು ಮಾಡಬೇಕಾದವರಿಗೆ, ಕಾಯುವುದೇ ಒಂದು ವಿಧದ ನಿರಾಕರಣೆಯಾಗಿ ಪರಿಣಮಿಸುತ್ತದೆ. ಡಿಸೆಂಬರಿನಲ್ಲಿ ಆಫ್ರಿಕಾದ ಪೈಥಾನ್ ಸಮುದಾಯದವರು ಸಂಸ್ಥೆಗೆ ಬಹಿರಂಗ ಪತ್ರವೊಂದನ್ನು ಬರೆದು ತಮ್ಮ ನೋವನ್ನು ನಿವೇದಿಸಿದರು.

ಮುಂದೆ ನಡೆದದ್ದನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಸಂಸ್ಥೆ ಪತ್ರವನ್ನು ಅಲಕ್ಷ್ಯಮಾಡಲಿಲ್ಲ. 2024ರಿಂದ ಅನುದಾನದ ವಿಷಯದಲ್ಲಿ ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದಾದ ನಿಯತ ವೇಳೆಯೊಂದನ್ನು ತಿಂಗಳು ತಿಂಗಳೂ ಏರ್ಪಡಿಸಿತು. 2022 ಮತ್ತು 2023ನೆಯ ಸಾಲುಗಳಲ್ಲಿ ಯಾವ ಭೂಭಾಗಗಳಿಂದ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು ಎಂಬುದನ್ನೊಳಗೊಂಡ ಪಾರದರ್ಶಕತೆಯ ವರದಿಯೊಂದನ್ನು ಪ್ರಕಟಿಸಿತು. ಈ ಎರಡರಲ್ಲಿ ವರದಿಗಿಂತ ಆ ನಿಯತ ವೇಳೆಯನ್ನೇ ನಾನು ಹೆಚ್ಚು ಬೆಲೆಯುಳ್ಳದ್ದೆಂದು ಗಣಿಸುತ್ತೇನೆ. ವರದಿ ತಾನು ಹೇಳಬೇಕೆಂದುಕೊಂಡದ್ದನ್ನು ಹೇಳುತ್ತದೆ. ಎದುರಿಗೆ ಕುಳಿತ ಮನುಷ್ಯ ಮಾತ್ರ ಕೇಳಿದ್ದಕ್ಕೆ ಉತ್ತರ ಹೇಳಬೇಕಾಗುತ್ತದೆ. 2025ರ ಆಗಸ್ಟಿನಲ್ಲಿ ಆ ವರ್ಷದ ಮೊತ್ತ ತೀರಿಹೋಗಿ ಹೊಸ ಅನುದಾನಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಿ ಬಂದಾಗ, ಬೇಡಿಕೆ ಹೆಚ್ಚಿದ್ದನ್ನೂ ಆದಾಯ ಅದಕ್ಕೆ ಸಾಲದಿದ್ದುದನ್ನೂ ಸಂಸ್ಥೆ ವಿವರಿಸಿ ಹೇಳಿತು. ನಿರಾಶೆಯ ವಾರ್ತೆಯಾದರೂ ಕಾರಣದೊಡನೆ ಬಂದ ವಾರ್ತೆ.

ನಿರಾಕರಣೆಯ ಕಾರಣವನ್ನು ಹೇಳುವುದಕ್ಕೆ ನಿಧಿಗಳು ಹಿಂಜರಿಯುವುದೇಕೆ ಎಂಬುದು ಅರ್ಥವಾಗದ ವಿಷಯವೇನಲ್ಲ. ಬರೆದು ಕೊಟ್ಟ ಕಾರಣ ವಾಗ್ವಾದಕ್ಕೆ ಎಡೆಮಾಡುತ್ತದೆ. ಸ್ವಯಂಸೇವಕರಾದ ಪರಿಶೀಲಕರಿಗೆ ವಾಗ್ವಾದ ನಡೆಸುವಷ್ಟು ಬಿಡುವಿಲ್ಲ. ಅರ್ಜಿದಾರನ ಸಾಮರ್ಥ್ಯದಲ್ಲಿ ತಮಗೆ ವಿಶ್ವಾಸ ಸಾಲದೆಂಬ ಕಾರಣವನ್ನು ಊರಿಗೆಲ್ಲ ತಿಳಿಯುವಂತೆ ಬರೆದರೆ ಅವನ ಮಾನಕ್ಕೆ ಕುಂದು. ಇವೆಲ್ಲವೂ ನಿಜ. ಆದುದರಿಂದ ಕಾರಣವನ್ನು ಅರ್ಜಿದಾರನಿಗೆ ಖಾಸಗಿಯಾಗಿ ಬರೆದು, ಸಾರ್ವಜನಿಕರಿಗೆ ಹೆಸರುಗಳನ್ನು ಬಿಟ್ಟು ಒಟ್ಟಾರೆ ಚಿತ್ರವನ್ನು ಕೊಡಬಹುದು: ನಿರಾಕೃತವಾದ ಅರ್ಜಿಗಳಲ್ಲಿ ನಿಧಿಯ ಉದ್ದೇಶಕ್ಕೆ ಹೊಂದದವು ಎಷ್ಟು, ಅಂದಾಜು ವೆಚ್ಚ ಅಸಮರ್ಪಕವಾದವು ಎಷ್ಟು, ಯೋಗ್ಯವಾಗಿದ್ದರೂ ಹಣ ಸಾಲದೆ ಬಿಟ್ಟವು ಎಷ್ಟು. ಈ ಕೊನೆಯ ಸಂಖ್ಯೆ ಬಹು ಮುಖ್ಯವಾದದ್ದೆಂದು ನನಗೆ ತೋರುತ್ತದೆ. ಯಾಕೆಂದರೆ ವಂತಿಗೆ ಕೊಡುವವನಿಗೆ ಇನ್ನೂ ಹತ್ತು ಡಾಲರ್ ಕೊಡಬೇಕೆಂಬ ಮನಸ್ಸು ಬರುವುದು, ಹಣವಿಲ್ಲದೆ ನಿಂತುಹೋದ ಒಳ್ಳೆಯ ಕೆಲಸ ಎಷ್ಟಿದೆಯೆಂದು ತಿಳಿದಾಗ.

ಕೊಟ್ಟ ಹಣ ಏನಾಯಿತೆಂಬ ಪ್ರಶ್ನೆಗೆ ಪರ್ಲ್ ಭಾಷೆಯ ಸಂಸ್ಥೆ ಒಂದು ಒಳ್ಳೆಯ ಪದ್ಧತಿಯನ್ನು ತೋರಿಸಿಕೊಟ್ಟಿದೆ. 2010ರಿಂದೀಚೆಗೆ ಅದು ಭಾಷೆಯ ಒಳತಿರುಳಿನ ದೋಷಗಳನ್ನು ತಿದ್ದುವ ಅನುಭವಿಗಳಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಡುತ್ತ ಬಂದಿತು. ಅವರು ಯಾವ ದೋಷದ ಮೇಲೆ ಎಷ್ಟು ಗಂಟೆ ಕಳೆದರೆಂಬುದನ್ನು ನಿಯತವಾಗಿ ಬಹಿರಂಗವಾಗಿ ವರದಿ ಮಾಡುತ್ತಿದ್ದರು. ಒಂದು ದೋಷದ ಬೆನ್ನುಹತ್ತಿ ಅನೇಕ ಗಂಟೆ ಶ್ರಮಿಸಿಯೂ ಅದು ಕೈಗೆ ಸಿಗಲಿಲ್ಲವೆಂದು ಬರೆಯುವುದಕ್ಕೂ ಅಂತಹ ವರದಿಯಲ್ಲಿ ಅವಕಾಶವುಂಟು, ಮತ್ತು ಅದನ್ನು ಓದುವವರು ಅದೇ ಕಸುಬಿನವರಾದ್ದರಿಂದ ಆ ಗಂಟೆಗಳು ವ್ಯರ್ಥವಲ್ಲವೆಂದು ಬಲ್ಲರು. ಸಾಮಾನ್ಯ ಸಂಪತ್ತನ್ನು ಜನರೇ ಕಾಪಾಡಿಕೊಳ್ಳುವ ಬಗೆಯನ್ನು ಜೀವಮಾನವೆಲ್ಲ ಅಭ್ಯಸಿಸಿ 2009ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಎಲಿನೋರ್ ಆಸ್ಟ್ರಮ್ ಅವರು, ದೀರ್ಘಕಾಲ ಬಾಳಿದ ವ್ಯವಸ್ಥೆಗಳಲ್ಲಿ ಮೇಲ್ವಿಚಾರಣೆ ನಡೆಸುವವರು ಬಳಕೆದಾರರೇ ಆಗಿರುತ್ತಾರೆ ಅಥವಾ ಬಳಕೆದಾರರಿಗೆ ಉತ್ತರ ಹೇಳಬೇಕಾದವರಾಗಿರುತ್ತಾರೆ ಎಂಬುದನ್ನು 1990ರ ತಮ್ಮ ಗ್ರಂಥದಲ್ಲಿ ಸ್ಥಾಪಿಸಿದರು. ಪರ್ಲ್‌ನವರ ಗಂಟೆಯ ವರದಿ ಆ ತತ್ತ್ವಕ್ಕೆ ಹತ್ತಿರವಾದದ್ದು.

ಆದರೆ ವರದಿಯ ಭಾರವೂ ಮಿತಿಯಲ್ಲಿರಬೇಕು. ಐನೂರು ಡಾಲರಿನ ಕಾರ್ಯಾಗಾರಕ್ಕೆ ಐವತ್ತು ಸಾವಿರದ ಯೋಜನೆಗೆ ಕೇಳುವಷ್ಟೇ ಕಾಗದಪತ್ರ ಕೇಳಿದರೆ, ಕಾಗದ ತುಂಬುವುದರಲ್ಲಿ ಪ್ರವೀಣರಾದವರೇ ಹಣ ಪಡೆಯುತ್ತಾರೆ. ಕೆಲಸದಲ್ಲಿ ಪ್ರವೀಣರಾಗಿ ಇಂಗ್ಲಿಷಿನಲ್ಲಿ ದೀರ್ಘ ವರದಿ ಬರೆಯಲಾರದವರು ಹಿಂದೆ ಸರಿಯುತ್ತಾರೆ. ನೆದರ್‌ಲೆಂಡ್ಸಿನ ಎನ್‌ಎಲ್‌ನೆಟ್ ಎಂಬ ಪ್ರತಿಷ್ಠಾನ, ಅದು ಹಂಚುವುದು ಬಹುಪಾಲು ಯುರೋಪಿನ ಸಾರ್ವಜನಿಕ ಹಣವೇ ಆದರೂ, ಈ ವಿಷಯದಲ್ಲಿ ಅನುಕರಣೀಯವಾದ ಕ್ರಮವನ್ನಿಟ್ಟುಕೊಂಡಿದೆ: ಕೆಲಸವನ್ನು ಮೊದಲೇ ಹಂತಗಳಾಗಿ ವಿಂಗಡಿಸಿ, ಒಂದೊಂದು ಹಂತ ಮುಗಿದಾಗ ಆ ಕಂತು ಕೊಡುವುದು. ಮುಕ್ತ ತಂತ್ರಾಂಶದಲ್ಲಿ ಮುಗಿದ ಕೆಲಸ ತಾನಾಗಿಯೇ ಎಲ್ಲರಿಗೂ ಕಾಣುವಂತಿರುತ್ತದೆ. ಅದಕ್ಕಿಂತ ಉತ್ತಮವಾದ ಪ್ರಮಾಣಪತ್ರವನ್ನು ಬೇರೆ ಕೇಳುವ ಅಗತ್ಯ ಬಹಳ ಸಲ ಇರುವುದಿಲ್ಲ. ಬಹಿರಂಗತೆಗೂ ಒಂದು ಎಲ್ಲೆ ಬೇಕು. ದಬ್ಬಾಳಿಕೆಯ ಆಳ್ವಿಕೆಯಿರುವ ದೇಶದಲ್ಲಿದ್ದುಕೊಂಡು ಗೂಢಲಿಪಿಯ ಉಪಕರಣ ರಚಿಸುವವನ ಹೆಸರನ್ನು ಪಟ್ಟಿಯಲ್ಲಿ ಹಾಕುವುದು ಅವನನ್ನು ಹಿಡಿದು ಕೊಟ್ಟಂತೆ. ಅಂತಹ ಪ್ರಸಂಗದಲ್ಲಿ ಹೆಸರನ್ನು ಮರೆಮಾಡಿ, ಮರೆಮಾಡಿದ್ದೇವೆಂಬುದನ್ನು ಮಾತ್ರ ಹೇಳಿದರೆ ಸಾಕು.

ಇನ್ನೊಂದು ಸೂಕ್ಷ್ಮವನ್ನೂ ಬಿಡುವಂತಿಲ್ಲ. ಈ ಸಮುದಾಯಗಳು ಚಿಕ್ಕವು. ಒಂದು ತಂತ್ರಾಂಶದ ಒಳಹೊರಗನ್ನು ಬಲ್ಲವರು ಜಗತ್ತಿನಲ್ಲಿ ಮೂವತ್ತು ಮಂದಿ ಇದ್ದರೆ, ಅರ್ಜಿ ಹಾಕುವವರೂ ಅವರೇ, ಪರೀಕ್ಷಿಸಬಲ್ಲವರೂ ಅವರೇ. ಪರಿಚಯವಿದೆಯೆಂಬ ಕಾರಣಕ್ಕೇ ಎಲ್ಲರನ್ನೂ ದೂರವಿಟ್ಟರೆ ವಿಷಯ ತಿಳಿದವರು ಒಬ್ಬರೂ ಉಳಿಯುವುದಿಲ್ಲ. ಆದ್ದರಿಂದ ಸಂಬಂಧವನ್ನು ನಿಷೇಧಿಸುವುದಕ್ಕಿಂತ ಅದನ್ನು ಮೊದಲೇ ಹೇಳಿಸುವುದು ಕ್ಷೇಮ: ಈ ಅರ್ಜಿದಾರ ನನ್ನ ಸಹೋದ್ಯೋಗಿ, ಆದಕಾರಣ ಈ ಮತದಲ್ಲಿ ನಾನು ತಟಸ್ಥ ಎಂದು ನಡವಳಿಯಲ್ಲಿ ಬರೆಯಿಸಿದರೆ, ಓದಿದವನ ಸಂಶಯ ಅಲ್ಲಿಗೇ ನಿಲ್ಲುತ್ತದೆ.

ಹೀಗೆ ಮೊದಲೇ ತೆರೆದಿಡುವ ವಿಚಾರದಲ್ಲಿ ಬೆಂಗಳೂರಿನ ಕೊಡುಗೆಯೂ ಒಂದಿದೆ. ಷೇರು ದಲ್ಲಾಳಿ ಕಂಪನಿಯಾದ ಜೆರೋಧಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿಯನ್ನು ಆರಂಭಿಸಿ, ಲೋಕದ ಯಾವ ಮೂಲೆಯ ಮುಕ್ತ ತಂತ್ರಾಂಶ ಯೋಜನೆಯಾದರೂ ಅರ್ಜಿ ಹಾಕಬಹುದೆಂದೂ, ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಹಂಚುವುದಾಗಿಯೂ ಘೋಷಿಸಿತು. ಹಣ ಕಂಪನಿಯದಾದ್ದರಿಂದ ಇದು ಸಮುದಾಯದ ವಂತಿಗೆಯ ನಿಧಿಯಲ್ಲ. ಆದರೂ ಅದರ ಅರ್ಜಿಯ ಕ್ರಮದಲ್ಲಿ ವಂತಿಗೆಯ ನಿಧಿಗಳು ಕಲಿಯತಕ್ಕ ಅಂಶವಿದೆ. ಅರ್ಜಿದಾರನು ಫಂಡಿಂಗ್ ಡಾಟ್ ಜೇಸನ್ ಎಂಬ ಪುಟ್ಟ ಕಡತವೊಂದನ್ನು ತನ್ನ ಯೋಜನೆಯ ತಾಣದಲ್ಲಿಯೇ ಎಲ್ಲರೂ ಓದುವಂತೆ ಪ್ರಕಟಿಸಬೇಕು. ತಾನು ಯಾರು, ಯೋಜನೆ ಯಾವುದು, ಎಷ್ಟು ಹಣ ಯಾವುದಕ್ಕೆ ಬೇಕು, ಯಾವ ಮಾರ್ಗದಿಂದ ಕಳಿಸಬೇಕು ಎಂಬುದನ್ನು ಅದರಲ್ಲಿ ನಿಗದಿಯಾದ ರೂಪದಲ್ಲಿ ಬರೆಯಬೇಕು. ಹಿಂದಿನ ವರ್ಷಗಳ ಆದಾಯ, ವೆಚ್ಚ, ತೆರಿಗೆಗಳನ್ನು ವರ್ಷವಾರು ತೋರಿಸುವುದಕ್ಕೂ ಅದರಲ್ಲಿ ಜಾಗವಿದೆ. ಒಮ್ಮೆ ಬರೆದಿಟ್ಟರೆ ಯಾವ ನಿಧಿಯಾದರೂ ಅದನ್ನು ಓದಿಕೊಳ್ಳಬಹುದು; ನಿಧಿಗೊಂದರಂತೆ ಹೊಸ ಅರ್ಜಿ ಬರೆಯುವ ಶ್ರಮ ಕಡಿಮೆಯಾಗುತ್ತದೆ.

ಪಡೆಯುವವರು ಇಷ್ಟನ್ನು ತೆರೆದಿಡಬಲ್ಲರಾದರೆ, ಕೊಡುವ ನಿಧಿಗಳೂ ಅದೇ ಮಾದರಿಯ ಕಡತವೊಂದನ್ನು ವರ್ಷಕ್ಕೊಮ್ಮೆ ಪ್ರಕಟಿಸಬಹುದು. ಬಂದ ವಂತಿಗೆ ಎಷ್ಟು, ಆಡಳಿತಕ್ಕೆ ತಗುಲಿದ್ದು ಎಷ್ಟು, ಬಂದ ಅರ್ಜಿ ಎಷ್ಟು, ನಿರಾಕರಿಸಿದ್ದು ಎಷ್ಟು ಮತ್ತು ಯಾವ ಯಾವ ಬಗೆಯ ಕಾರಣಕ್ಕೆ, ಅರ್ಜಿ ಬಂದ ದಿನದಿಂದ ಉತ್ತರ ಹೋದ ದಿನದವರೆಗೆ ಸರಾಸರಿ ಎಷ್ಟು ದಿನ ಹಿಡಿಯಿತು, ಮಂಜೂರಾದ ಕೆಲಸಗಳಲ್ಲಿ ಮುಗಿದವೆಷ್ಟು, ನಡುವೆ ನಿಂತವೆಷ್ಟು, ನಿರ್ಣಯಿಸಿದವರು ಯಾರು, ಅದನ್ನು ಪ್ರಶ್ನಿಸಬೇಕಾದರೆ ಯಾರಿಗೆ ಬರೆಯಬೇಕು: ಈ ಎಂಟು ಹತ್ತು ಸಾಲುಗಳಿಗೆ ದೊಡ್ಡ ಕಚೇರಿ ಬೇಕಾಗಿಲ್ಲ. ಕೇಳಬೇಕಾದವರು ವಂತಿಗೆ ಕೊಡುವ ನಾವು. ಮುಂದಿನ ಸಲ ಹತ್ತು ಡಾಲರ್ ಕಳಿಸುವಾಗ, ಆ ಸಾಲುಗಳು ಎಲ್ಲಿವೆಯೆಂದು ಎರಡು ಮಾತು ಬರೆದು ವಿಚಾರಿಸಬಹುದು.